ಸುಟ್ಟ ಮೋಟಾರಿನ ವಾಸನೆ

ಇವತ್ತು ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿಯ ಮೋಟಾರಿನಿಂದ ತಂತಿಯ ವಾರ್ನಿಷ್ ಸುಟ್ಟ ವಾಸನೆ ಬಂದು, ಬೋಗಾದಿಯ ನಮ್ಮ ಬಾಡಿಗೆ ಮನೆ ನೆನಪಾಯಿತು.

ಆಗ ನಾನು ಒಂಬತ್ತನೇ ಕ್ಲಾಸು, ತಂಗಿ ಆರನೇ ಕ್ಲಾಸು. ಅವಳು ಐಸ್‌ಕ್ರೀಂ ಡಬ್ಬಿಗೆ ಎರಡು ಪುಟ್ಟ ಮೋಟಾರು, ಎರಡು ಚಕ್ರ ಜೋಡಿಸಿ ರೋಬೋಟ್ ಮಾಡಿದ್ದಳು. ಮಾರನೇ ದಿನ ಶಾಲೆಯಲ್ಲಿ ಸ್ಪರ್ಧೆ. ಮನೆಗೆ ಬಂದವರೆಲ್ಲ ಅವಳನ್ನೇ ಹೊಗಳುತ್ತಿದ್ದರು. ಮಧ್ಯಾಹ್ನ ಅವಳು ಅಂಗಡಿಗೆ ಹೋದಾಗ ನಾನು ಸ್ವಿಚ್ ಹಾಕಿ, ಒಂದು ಚಕ್ರ ತಿರುಗದಂತೆ ಬಿಗಿಯಾಗಿ ಹಿಡಿದುಕೊಂಡೆ. ಮೋಟಾರು ಗುಂಯ್‌ಗುಟ್ಟಿತು, ಕೈಗೆ ಬಿಸಿ ತಾಗಿತು, ಕೊನೆಗೆ ಸದ್ದೇ ನಿಂತಿತು.

ಅಮ್ಮ ಅದೇ ಊರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದಳು. ಸಂಜೆ ಶಿಫ್ಟ್ ಮುಗಿಸಿ ಬಂದವಳು ಆ ಮೋಟಾರನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಹಿಂದಿನ ಮುಚ್ಚಳ ಬಿಚ್ಚಿ, ಕಪ್ಪಾಗಿದ್ದ ತಂತಿ ತೋರಿಸಿದಳು.

“ಸುಟ್ಟೋಗ್ಬುಟ್ಟಿದೆ ಕಣಮ್ಮ. ತಿರುಗಕ್ಕೆ ಬಿಡದೆ ಕರೆಂಟ್ ಕೊಟ್ರೆ ಹಿಂಗೇ ಆಗೋದು,” ಎಂದು ತಂಗಿಗೆ ಹೇಳುತ್ತಾ ನನ್ನ ಕಡೆ ನೋಡಿದಳು.

“ನಾನೇ ಚಕ್ರ ಸರಿಯಾಗಿ ಕೂರಿಸಿಲ್ಲ ಅನ್ಸುತ್ತಮ್ಮ. ಡಬ್ಬಿಗೆ ತಗಲಾಕ್ಕೊಂಡಿರ್ಬೇಕು,” ಎಂದಳು ತಂಗಿ.

ಅಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾನು ಪುಸ್ತಕ ತೆರೆದು ತಲೆ ತಗ್ಗಿಸಿದೆ. ಅಮ್ಮ ಕೈ ತೊಳೆಯಲು ಎದ್ದು ಹೋದಳು.

ಮಾರನೇ ದಿನ ತಂಗಿ ಸ್ಪರ್ಧೆಗೆ ಹೋಗಲಿಲ್ಲ. ಚೆನ್ನಾಗಿದ್ದ ಇನ್ನೊಂದು ಮೋಟಾರನ್ನು ಬಿಚ್ಚಿ, ವೈರುಗಳನ್ನು ಒಪ್ಪವಾಗಿ ಸುತ್ತಿ, ಎಲ್ಲವನ್ನೂ ತಂದು ನನ್ನ ಮಡಿಲಿಗೆ ಹಾಕಿದಳು.

“ನೀನು ಮಾಡಕ್ಕ. ನಂಗೆ ಇದೆಲ್ಲ ಬರಲ್ಲ.”