ಅತ್ತೆಯ ಗೊರಕೆ

ದೂರದಲ್ಲಿ ಕೊನೆಯ ಸಿಗ್ನಲ್ ಕೆಂಪಾದದ್ದು ಕಂಡೊಡನೆ ಅಳಿಯ ಆಕ್ಸಿಲರೇಟರಿನಿಂದ ಕಾಲು ತೆಗೆದ. ಕಾರು ತೇಲಿದಂತೆ ನಿಧಾನಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ಹಸಿರು ಬಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ಗೊರಕೆ ನಿಲ್ಲಲಿಲ್ಲ.

"ನುಗ್ಗಿಸೋದು, ದಡಕ್ಕಂತ ಬ್ರೇಕ್ ಒತ್ತೋದು. ಪೆಟ್ರೋಲೆಲ್ಲ ನಿಮ್ಮ ಕಾಲೇ ಕುಡಿಯುತ್ತೆ. ಅಮ್ಮಂಗೆ ಎಚ್ಚರ ಆಗದ ಹಾಗೆ ಮನೆ ಮುಟ್ಟಿಸಿ ನೋಡೋಣ. ಸೋತರೆ ನಾಳೆಯಿಂದ ಕೀ ನನ್ನ ಕೈಗೆ," ಎಂದು ಪಕ್ಕದಲ್ಲಿದ್ದ ಹೆಂಡತಿ ಹೊರಡುವಾಗಲೇ ಪಂಥ ಕಟ್ಟಿದ್ದಳು.

ಗೇಟಿನೆದುರು ಕಾರು ನಿಂತಿತು. ದಿನವೂ ಇಷ್ಟು ಹೊತ್ತಿಗೆ ಕೆಳಗಿಳಿದಿರುತ್ತಿದ್ದ ಪೆಟ್ರೋಲ್ ಮುಳ್ಳು ಇವತ್ತು ಕದಲಿದಂತೆಯೇ ಇಲ್ಲ. ಅವನಿಗೆ ಕೇಕೆ ಹಾಕುವಷ್ಟು ಖುಷಿ. ಬಾಯಿ ಬಿಗಿಹಿಡಿದು ಹೆಂಡತಿಗೆ ಬೆರಳಿನಲ್ಲೇ ಮುಳ್ಳು ತೋರಿಸಿದ.

ಅತ್ತೆ ಕಣ್ಣು ಬಿಡದೆಯೇ ಮಗ್ಗುಲಾದರು. "ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೇ? ಇಂಥ ನಿದ್ದೆ ಮನೇಲೂ ಬರಲ್ಲ. ಊರೆಲ್ಲ ಇನ್ನೊಂದು ಸುತ್ತು ಹಾಕಿಸಿ."