ಹಾಡಿನಲ್ಲಿಲ್ಲದ ಬೆಂಕಿ

ಪರದೆಯ ಮೇಲೆ ಚಿನ್ನಮಾಳವ್ವ ಕೈಮುಗಿದು ಬೆಂಕಿಗೆ ಇಳಿಯುತ್ತಿದ್ದಂತೆ ರೇಣುಕಯ್ಯ ನೆಲದಿಂದ ದಡಕ್ಕನೆ ಎದ್ದು ನಿಂತ. "ಸುಳ್ಳು! ಆಯಮ್ಮ ಬೆಂಕಿಗೆ ಬೀಳ್ಲಿಲ್ಲ ಕಣ್ರಯ್ಯಾ!" ಎಂದು ಕೂಗಿದ. ಮಧುಗಿರಿಯ ಟೆಂಟು ಸಿನಿಮಾ ಕಿಕ್ಕಿರಿದಿತ್ತು. ಹಿಂದಿನವರು "ಕೂತ್ಕೊಳಯ್ಯ" ಎಂದು ಗದರಿದರು. ಬೆಂಕಿಯೊಳಗಿಂದ ಅವಳು ಹೂ ಮುಡಿದು ಎದ್ದುಬಂದಾಗ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಮಗಳು ಚಿಕ್ಕಹನುಮಕ್ಕ ಮಾತ್ರ ಪರದೆ ಬಿಟ್ಟು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಚಿನ್ನಮಾಳವ್ವನ ಕಾವ್ಯವನ್ನು ಏಳು ರಾತ್ರಿ ಹಾಡಬಲ್ಲವನೆಂದು ಚನ್ನರಾಯನದುರ್ಗದ ಸುತ್ತ ಉಳಿದಿದ್ದವನು ರೇಣುಕಯ್ಯನೊಬ್ಬನೇ. ಅದನ್ನೇ ಮದರಾಸಿನವರು ಸಿನಿಮಾ ಮಾಡಿದ್ದಾರೆಂದು ಆಸೆಯಿಂದ ಹೋಗಿದ್ದ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲೂ ಸಿಟ್ಟು ಇಳಿದಿರಲಿಲ್ಲ. ಕೂರುತ್ತಿದ್ದ, ಏಳುತ್ತಿದ್ದ.

"ನಮ್ಮ ಹಾಡ್ನಾಗೆ ಹೆಂಗೈತೆ? ಗಂಡನ ಮನೆಯೋರು ಸೌದೆ ಒಟ್ಟಿ, ಪತಿವ್ರತೆ ಆಗಿದ್ರೆ ಬೆಂಕಿ ಹಾಯ್ದು ಬಾ ಅಂತಾರೆ. ಅನುಮಾನ ನಿಮ್ದು, ನೀವೇ ಹಾಯಿರಿ ಅಂದು ಆಯಮ್ಮ ಕೋಟೆ ಬಾಗ್ಲು ದಾಟಿ ಹೊಂಟೋಯ್ತಾಳೆ. ಇವರು ಸುಟ್ಬುಟ್ರಲ್ಲ!"

"ಸುಡ್ಲಿಲ್ಲ ಕಣಪ್ಪ. ಹೂ ಮುಡಿಸಿ ಎಬ್ಬಿಸಿದ್ರಲ್ಲ."

"ಅದು ಇನ್ನೂ ಮೋಸ! ಆಯಮ್ಮ ಹಾಯಲೇಬಾರ್ದಾಗಿತ್ತು!"

"ಅಂಗಾದ್ರೆ ಇವತ್ತು ನನ್ನ ಮಿಡಿಗೇಶಿಗೆ ಯಾಕೆ ಕರ್ಕಂಡೋಯ್ತಿದ್ದೀಯಪ್ಪ?"

ಮಿಡಿಗೇಶಿಯಲ್ಲಿ ಮಗಳ ಮಾವ ದೊಡ್ಡರಂಗಪ್ಪ ಕಾಯುತ್ತಿದ್ದ. ಬಾವಿಯ ಹತ್ತಿರ ಯಾರದೋ ಜೊತೆ ನಕ್ಕಳೆಂದು ಗಂಡ ಅವಳನ್ನು ತವರಿಗೆ ಅಟ್ಟಿದ್ದ. ದೇವರ ಮುಂದೆ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು, ಅದು ಆರುವವರೆಗೆ ಕೈ ಅಲುಗಿಸದಿದ್ದರೆ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿಕಳಿಸಿದ್ದರು. ಮೂರು ತಿಂಗಳು ಒದ್ದಾಡಿ ಕೊನೆಗೆ ರೇಣುಕಯ್ಯನೇ ಒಪ್ಪಿಕೊಂಡಿದ್ದ.

"ಅದು ಬರೀ ಕರ್ಪೂರ ಅಲ್ವೇನವ್ವ..." ಎಂದ. ಅಂದದ್ದು ತನಗೇ ಕೇಳಿಸಿತು.

ಬಸ್ಸು ಬಂತು. ಕಂಡಕ್ಟರು "ಮಿಡಿಗೇಶಿ, ಮಿಡಿಗೇಶಿ" ಎಂದು ಕೂಗಿದ. ರೇಣುಕಯ್ಯ ಬಟ್ಟೆಗಂಟು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದ. ಮಗಳು ಅಂಗೈ ನೋಡಿಕೊಳ್ಳುತ್ತ ಹಿಂದೆಯೇ ಬರುತ್ತಿದ್ದಳು. ಇಟ್ಟ ಕಾಲನ್ನು ಕೆಳಗಿಳಿಸಿದ.

"ನಾವು ಬರಾಕಿಲ್ಲ. ನೀನು ಹೊರಡಪ್ಪ" ಎಂದು ಕಂಡಕ್ಟರಿಗೆ ಹೇಳಿದ.

ಊರಿಗೆ ಮರಳುವ ಕೊರಟಗೆರೆ ಬಸ್ಸಿನಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದ, ಮತ್ತೆ ಹಾಕಿಕೊಂಡ. "ದೊಡ್ಡರಂಗಪ್ಪ ನಾಳೇನೇ ಬಾಗ್ಲಿಗೆ ಬತ್ತಾನೆ ಕಣವ್ವ. ಕುಲದೋರ್ನೂ ಕರ್ಕಂಡು ಬತ್ತಾನೆ. ಅವರ್ಗೆ ಏನಂತ ಹೇಳ್ಲಿ?"

"ಹಾಡ್ನಾಗೆ ಆಯಮ್ಮನ ಅಪ್ಪ ಏನಂದ?"

ರೇಣುಕಯ್ಯ ಕಣ್ಣು ಮುಚ್ಚಿ ಹಾಡಿನ ಮೊದಲನೇ ರಾತ್ರಿಯ ಪದಗಳಿಂದ ಹುಡುಕುತ್ತ ಬಂದ. ತುಟಿ ಅಲುಗುತ್ತಲೇ ಇತ್ತು. ಬಸ್ಸು ಕೊರಟಗೆರೆ ಮುಟ್ಟಿತು. ಏಳು ರಾತ್ರಿಯ ಹಾಡಿನಲ್ಲಿ ಅವಳ ಅಪ್ಪನಿಗೆ ಒಂದು ಮಾತೂ ಇರಲಿಲ್ಲ.