ಗುರುತಿಲ್ಲದ ಮ್ಯಾಂಡೊಲಿನ್

"ಇದು ಎಲ್ಲಿಂದ ಬಂತ್ರಿ ನಿಮ್ಮ ಕೈಗೆ?" ಚನ್ನು ಕೇಳಿದ.

"ನಮ್ಮ ಮುತ್ಯಾಂದು," ಎಂದ ವೈಜನಾಥ. ಅಜ್ಜನ ಹೆಸರಿನ ಸುಳ್ಳು ಸರಾಗವಾಗಿ ಬಂತು. ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ ಕೊಂಡದ್ದು ಎಂದರೆ ಹಳೇ ಸಾಮಾನಿನ ಬೆಲೆ. ಮನೆತನದ ವಸ್ತು ಎಂದರೆ ಅದರ ಮಾತೇ ಬೇರೆ. ಕೊಂಡು ಇನ್ನೂ ಒಂದು ವಾರವಾಗಿರಲಿಲ್ಲ.

ಕೂಕಟ್‌ಪಲ್ಲಿಯ ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ ಚನ್ನುವಿನ ಅಂಗಡಿ. ತಬಲಾ, ಹಾರ್ಮೋನಿಯಂ, ಗಿಟಾರ್, ಏನೇ ಕೆಟ್ಟರೂ ಅಲ್ಲಿ ರಿಪೇರಿ. ಬೀದರ ಕಡೆಯವನು, ನಮ್ಮ ಮಾತಿನವನು, ಮೋಸ ಮಾಡಲಿಕ್ಕಿಲ್ಲ ಎಂದು ವೈಜನಾಥ ಬೆಲೆ ಕಟ್ಟಿಸಲು ಅವನಲ್ಲಿಗೇ ಬಂದಿದ್ದ. ಚನ್ನು ಮ್ಯಾಂಡೊಲಿನ್ನನ್ನು ತೊಡೆಯ ಮೇಲೆ ಬೋರಲು ಹಾಕಿ, ಉಬ್ಬಿದ ಬೆನ್ನಿನ ಪಟ್ಟಿಗಳನ್ನು ಬೆರಳಿನಿಂದ ಒಂದೊಂದಾಗಿ ತಟ್ಟಿದ. ತಲೆಯ ಮೇಲೆ ಕಂಪನಿಯ ಹೆಸರಿಲ್ಲ, ಒಳಗೆ ಚೀಟಿ ಇಲ್ಲ. "ಮಶೀನಿನ ಕೆಲಸ ಅಲ್ರಿ ಇದು. ಕೈಲೆ ಮಾಡಿದ್ದು. ಭಾಳ ಹಳೇದು. ಬೆಲೆ ಐತಿ, ಛಲೋ ಬೆಲೆ ಐತಿ," ಎನ್ನುತ್ತ ಅದನ್ನು ತಿರುಗಿಸಿ, ತಂತಿಗಳ ಸಂದಿಯಿಂದ ಪುಟ್ಟ ಕನ್ನಡಿ ಇಳಿಸಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಿದ.

ಕನ್ನಡಿಯನ್ನು ಒರೆಸಿ ಮತ್ತೊಮ್ಮೆ ಇಣುಕಿದ.

"ಖರೇನ ಮುತ್ಯಾಂದೇನ್ರಿ?"

"ಹೌದ್ರೀ. ಅಟ್ಟದ ಮ್ಯಾಲ ಬಿದ್ದಿತ್ತು."

ಚನ್ನು ತಲೆಯಾಡಿಸಿದ. "ಕೂಡ್ರಿ. ಒಂದ್ ಫೋನ್ ಮಾಡಿ ಬರ್ತೀನಿ." ಮ್ಯಾಂಡೊಲಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ. ಹೋಗುವಾಗ ಶಟರನ್ನು ಅರ್ಧ ಎಳೆದ.

ಅರ್ಧ ಇಳಿದ ಶಟರನ್ನು ನೋಡುತ್ತಲೇ ವೈಜನಾಥನಿಗೆ ಹೊಳೆಯಿತು: ಕದ್ದ ಮಾಲು. ಅವನು ಫೋನ್ ಮಾಡುತ್ತಿರುವುದು ಪೊಲೀಸರಿಗೆ, ಇನ್ನಾರಿಗೆ? ತನ್ನದು ಬಾಲಾನಗರದ ಸರಕಾರಿ ಕಾರ್ಖಾನೆಯ ನೌಕರಿ. ಹಿಂದೊಮ್ಮೆ, ಕದ್ದ ಬೈಕನ್ನು ಗೊತ್ತಿಲ್ಲದೆ ಅಗ್ಗಕ್ಕೆ ಕೊಂಡ ತಪ್ಪಿಗೆ ಸೆಕ್ಷನ್ನಿನ ಒಬ್ಬನ ಗೇಟ್ ಪಾಸು ಕಿತ್ತುಕೊಂಡು ಕೆಲಸದಿಂದ ತೆಗೆದಿದ್ದರು; ಅವನು ಗೇಟಿನ ಹೊರಗೆ ನಿಂತು, ಒಳಗೆ ಉಳಿದ ತನ್ನ ಟಿಫಿನ್ ಡಬ್ಬಿಯನ್ನು ಬೇರೆಯವರ ಕೈಯಲ್ಲಿ ತರಿಸಿಕೊಂಡಿದ್ದ. ಆ ಮುಖ ಈಗ ಕಣ್ಣಿಗೆ ಕಟ್ಟಿತು. ಓಡಿಬಿಡಲೇ? ಆದರೆ ಎಲ್ಲಿ ಕೆಲಸವೆಂದು ಹೇಳದಿದ್ದರೂ ಚನ್ನುವಿಗೆ ಹೆಸರನ್ನೂ ಫೋನ್ ನಂಬರನ್ನೂ ಆಗಲೇ ಕೊಟ್ಟಾಗಿತ್ತು. ಹೊರಗೆ ಚನ್ನು ತಗ್ಗಿದ ದನಿಯಲ್ಲಿ ಮಾತಾಡುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ವಾಹನವೊಂದು ಬಂದು ನಿಂತ ಸದ್ದು. ಶಟರಿನ ಕೆಳಗೆ ಖಾಕಿ ಬಟ್ಟೆಯ ಎರಡು ಕಾಲು ಕಂಡವು.

ಖಾಕಿ ಕಾಲುಗಳು ಆಟೋದವನವು. ಅವನು ಶಟರನ್ನು ಮೇಲೆತ್ತಿ ಹಿಡಿದ. ಬಗ್ಗಿ ಒಳಗೆ ಬಂದದ್ದು ಎಪ್ಪತ್ತರ ಮುದುಕಿ. ಸೆರಗು ಅಸ್ತವ್ಯಸ್ತ, ಕಾಲಲ್ಲಿ ಬಚ್ಚಲ ಮನೆಯ ಚಪ್ಪಲಿ. ಅವಸರದಲ್ಲಿ ಸಿಕ್ಕಿದ್ದನ್ನು ಮೆಟ್ಟಿ ಬಂದಂತಿತ್ತು.

"ಅದ ಹೌದೇನೋ, ಚನ್ನು?"

"ಅದ ಐತ್ರಿ, ಕಾಕು. ಭಾಳ ವರ್ಷದ ಹಿಂದ ಬಿರುಕು ಬಿಟ್ಟಾಗ ನಾನ ಶಾಲಿ ಪೋರರ ಕಟ್ಟಿಗಿ ಸ್ಕೇಲ್ ಮುರಿದು ಒಳಗ ಅಂಟಿಸಿದ್ದೆ. ಏಳು, ಎಂಟು ಅಂಕಿ ಹಂಗ ಅದಾವು." ಚನ್ನು ವೈಜನಾಥನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ಚೆನ್ನಾಗಿತ್ತು ಎಂದು ವೈಜನಾಥನಿಗೆ ಅನ್ನಿಸಿತು. "ಇವರು ತುಳಸಾಬಾಯಿ. ಇದು ಇವರ ಯಜಮಾನರು ಸೂರ್ಯಕಾಂತ ಕಾಕಾಂದು. ಅವರಿಗೆ ಮರವಿನ ಬ್ಯಾನಿ. ಹೋದ ವಾರ ಇದನ್ನ ಬಗಲಾಗ ಇಟ್ಕೊಂಡು ಮನಿ ಬಿಟ್ಟವರು ಇನ್ನೂ ಬಂದಿಲ್ಲ. ಈಗ ಹೇಳ್ರಿ, ಇದು ಯಾರ ಮುತ್ಯಾಂದು?"

ಇಂಥ ಸ್ಕೇಲು ಸಾವಿರ ಇರ್ತಾವ ಎಂದುಬಿಡಬಹುದಿತ್ತು. ಆ ಮಾತು ಬಾಯಿಯ ತನಕವೂ ಬಂತು. ತುಳಸಾಬಾಯಿ ವಾದ್ಯವನ್ನು ಮುಟ್ಟಿರಲಿಲ್ಲ, ಅದರ ಕಡೆ ನೋಡಿಯೂ ಇರಲಿಲ್ಲ. ಅವನನ್ನೇ ನೋಡುತ್ತಿದ್ದರು.

"ಅವರ ಕಡಿಂದನ ತಗೊಂಡೆ," ಎಂದ ವೈಜನಾಥ. "ಸುಲ್ತಾನ್ ಬಜಾರದಾಗ. ಬಾಗಲಾ ಹಾಕಿದ ಅಂಗಡಿ ಮುಂದ ಇದನ್ನ ಎದಿಗೆ ಅಪ್ಪಿಕೊಂಡು ನಿಂತಿದ್ರು. ಕೊಡ್ತೀರೇನು ಅಂತ ಹಿಂದಿಯೊಳಗ ಕೇಳಿದೆ. ಕಿಸೆದಾಗ ಇದ್ದಷ್ಟು ಕೊಟ್ಟೆ. ಎಣಿಸಲಿಲ್ಲ ಅವರು."

"ಹ್ಯಾಂಗಿದ್ರಪ್ಪಾ?"

"ಛಲೋ ಇದ್ರವ್ವ. ಸ್ವಲ್ಪ ದಣಿದಿದ್ರು."

"ಏನರ ಅಂದ್ರೇನು?"

"ಬಸ್ಸು ಎಲ್ಲಿ ನಿಲ್ಲತೈತಿ ಅಂತ ಕೇಳಿದ್ರು."

ಮುದುಕಿಯ ಮುಖ ಬೆಳಗಿತು. ವೈಜನಾಥ ಕೂತಿದ್ದ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದರು. "ಬಸ್ ಹಿಡಿದಾರ ಅಂದಂಗಾತು! ಯಾ ಊರ ಬಸ್ಸಪ್ಪಾ? ಅಲ್ಲಿಗೇ ಹೋಗಿರ್ತಾರ. ಹುಟ್ಟಿದೂರೋ, ಅಕ್ಕನ ಊರೋ, ಮೊದಲ ನೌಕರಿಗೆ ಇದ್ದೂರೋ? ಯಾವುದಂದ್ರು?" ಚನ್ನು ಆಗಲೇ ಮೊಬೈಲು ತೆಗೆದು ಕಾದು ನಿಂತಿದ್ದ.

ಆ ದಿನ ಮುದುಕ ವೈಜನಾಥನ ಬೆನ್ನ ಹಿಂದೆ ನಿಂತು ಅಚ್ಚ ಕನ್ನಡದಲ್ಲಿ, "ತಮ್ಮಾ, ಬಸ್ ಎಲ್ಲಿ ನಿಲ್ಲತೈತಿ..." ಎಂದು ಕೇಳಿದ್ದ. ತಾನೂ ಕನ್ನಡದವನೆಂದು ಮುದುಕನಿಗೆ ತಿಳಿದರೆ ಮಾತು ಬೆಳೆದೀತು, ಮ್ಯಾಂಡೊಲಿನ್ ವಾಪಸು ಕೇಳಿಯಾನು ಎಂದು ಹೆದರಿ, ವೈಜನಾಥ ತಿರುಗಿಯೂ ನೋಡದೆ ತೆಲುಗಿನಲ್ಲಿ "ತೆಲೀದು", ಗೊತ್ತಿಲ್ಲ, ಎಂದಿದ್ದ. ಮುದುಕ ಊರಿನ ಹೆಸರು ಹೇಳುವಷ್ಟರಲ್ಲಿ ವೈಜನಾಥ ಆಟೋ ಹತ್ತಿ ಹೊರಟುಬಿಟ್ಟಿದ್ದ; ಹೆಸರು ಕಿವಿಗೆ ಬಿದ್ದಿರಲಿಲ್ಲ.

ತುಳಸಾಬಾಯಿ ಇನ್ನೂ ಅವನ ಬಾಯಿಯನ್ನೇ ನೋಡುತ್ತಿದ್ದರು.